ಪಿನಾಕಿನಿಯ ಸೀಮೆಯಲ್ಲಿ ಕಚೇರಿಯ ಅಂಗಳ

ನಗರದ ಯಾವುದಾದರೊಂದು ಕಚೇರಿ ಹಳೆಯದಾಗಿ ಅದನ್ನು ನವೀಕರಿಸಬೇಕೆಂಬ ಸಂಕಲ್ಪ ಹುಟ್ಟಿದಾಗ, ಗೋಡೆಯ ಬಣ್ಣ, ನೆಲದ ಗ್ರಾನೈಟು, ಕಿಟಕಿಯ ಗಾಜು, ಕೊಠಡಿಗಳ ಹವಾನಿಯಂತ್ರಣ ಇವೆಲ್ಲದರ ಪರ್ಯಾಲೋಚನೆ ಸಾಂಗವಾಗಿ ನಡೆದು, ಹಣವೂ ಕಾಲವೂ ಬಹುಮಟ್ಟಿಗೆ ವ್ಯಯವಾದ ಮೇಲೆ, ಕಟ್ಟಡದ ಸುತ್ತಲಿನ ನೆಲದ ಯೋಚನೆ ಕಟ್ಟಕಡೆಗೆ ಬರುವುದು ವಾಡಿಕೆಯಾಗಿದೆ. ಪ್ರಾರಂಭೋತ್ಸವಕ್ಕೆ ಇನ್ನೇನು ಒಂದು ವಾರವಿದೆ ಎನ್ನುವಾಗ ಲಾರಿಗಳಲ್ಲಿ ಕೆಮ್ಮಣ್ಣು ಬಂದು ಬೀಳುತ್ತದೆ. ಅದರ ಮೇಲೆ ನರ್ಸರಿಯಿಂದ ತಂದ ಮೆಕ್ಸಿಕನ್ ಹುಲ್ಲಿನ ಚೌಕಗಳನ್ನು ಜೋಡಿಸುತ್ತಾರೆ. ದ್ವಾರದ ಇಕ್ಕೆಲಗಳಲ್ಲಿ ತಾಳೆಯ ಜಾತಿಯ ಅಲಂಕಾರದ ಗಿಡಗಳು ಸಾಲಾಗಿ ನಿಲ್ಲುತ್ತವೆ. ಉಳಿದ ನೆಲವೆಲ್ಲ ವಾಹನಗಳ ನಿಲುಗಡೆಗೆಂದು ಕಾಂಕ್ರೀಟಿನ ಅಡಿಯಲ್ಲಿ ಮರೆಯಾಗುತ್ತದೆ. ಒಂದೆರಡು ವರ್ಷ ಇದು ಕಣ್ಣಿಗೆ ಹಿತವಾಗಿಯೇ ತೋರುತ್ತದೆ. ಆಮೇಲೆ ಬೇಸಗೆಯಲ್ಲಿ ಕೊಳವೆಬಾವಿ ಸೋಲುತ್ತದೆ, ಟ್ಯಾಂಕರುಗಳು ಬರತೊಡಗುತ್ತವೆ, ಹುಲ್ಲು ಹಳದಿಗಟ್ಟುತ್ತದೆ. ಮಳೆಗಾಲ ಬಂದರೆ ಅದೇ ಅಂಗಳದ ನೀರು ಗೇಟಿನ ಹೊರಗೆ ರಸ್ತೆಯ ಮೇಲೆ ಮೊಣಕಾಲುದ್ದ ನಿಲ್ಲುತ್ತದೆ.

ಬೇಸಗೆಯಲ್ಲಿ ನೀರಿಲ್ಲ, ಮಳೆಗಾಲದಲ್ಲಿ ನೀರಿಗೆ ಎಡೆಯಿಲ್ಲ ಎಂಬ ಈ ಉಭಯಸಂಕಟ ದೈವಕೃತವಲ್ಲ. ಕೆಲಸದ ಕ್ರಮ ತಲೆಕೆಳಗಾದುದರ ಫಲ. ಮಳೆ ಕಡಮೆಯಾದ ಸೀಮೆಯಲ್ಲಿ ಆವರಣದ ವಿನ್ಯಾಸ ನೀರಿನಿಂದ ಆರಂಭವಾಗಬೇಕು. ನೀರನ್ನು ಹಿಡಿಯತಕ್ಕ ಮಣ್ಣಿನ ವಿಚಾರ ಅದರ ಹಿಂದೆಯೇ ಬರಬೇಕು. ಗಿಡಮರಗಳ ಆಯ್ಕೆ ಆಮೇಲಿನದು. ನವೀಕರಣವೆಂಬುದು ಈ ಕ್ರಮವನ್ನು ಸರಿಪಡಿಸಿಕೊಳ್ಳುವುದಕ್ಕೆ ಒದಗಿಬರುವ ಅಪರೂಪದ ಅವಕಾಶ.

ಸೀಮೆಯ ಸ್ವರೂಪ

ಈ ಮಾತಿಗೆ ಚಿಕ್ಕಬಳ್ಳಾಪುರ ಜಿಲ್ಲೆಗಿಂತ ತಕ್ಕ ಭೂಮಿಕೆ ಬೇರೆ ದೊರೆಯುವುದು ದುರ್ಲಭ. ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಲ್ಲಿ ಕೈಗಾರಿಕಾ ಪ್ರದೇಶ ತಲೆಯೆತ್ತಿದೆ. ಬೆಂಗಳೂರಿನ ವಿಸ್ತರಣೆ ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ದಾಟಿ ಈ ಕಡೆಗೇ ಸಾಗಿಬರುತ್ತಿದೆ. ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿಯೂ ಕಚೇರಿ, ಕಾಲೇಜು, ಆಸ್ಪತ್ರೆ, ಉಗ್ರಾಣಗಳ ಆವರಣಗಳು ವರ್ಷೇ ವರ್ಷೇ ಹೆಚ್ಚುತ್ತಿವೆ. ನಿನ್ನೆಯವರೆಗೆ ರಾಗಿಯ ಹೊಲವೋ ನೆಲಗಡಲೆಯ ಹೊಲವೋ ಹಿಪ್ಪುನೇರಳೆಯ ತೋಟವೋ ಆಗಿದ್ದ ನೆಲದಲ್ಲಿ ಇಂದು ಎಕರೆಗಟ್ಟಲೆ ಚಾವಣಿಗಳೂ ಕಾಂಕ್ರೀಟಿನ ಅಂಗಳಗಳೂ ಹರಡಿಕೊಂಡಿವೆ. ಭೂಮಿಯ ಒಡೆತನದೊಂದಿಗೆ ಅದರ ಮೇಲೆ ಬೀಳುವ ಮಳೆಯ ಹೊಣೆಯೂ ಕೈಬದಲಾಗಿದೆ ಎಂಬುದನ್ನು ಹೊಸ ಒಡೆಯರು ಇನ್ನೂ ಪೂರ್ತಿಯಾಗಿ ಮನಗಂಡಂತಿಲ್ಲ.

ನಂದಿಯ ಬೆಟ್ಟಸಾಲಿನ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಘ್ನಿ, ಪಾಲಾರ್ ಎಂಬ ಇಷ್ಟೊಂದು ನದಿಗಳು ಹುಟ್ಟುತ್ತವೆಯಾದರೂ, ಇವುಗಳಲ್ಲಿ ಒಂದೂ ತವರಿನಲ್ಲಿ ವರ್ಷಪೂರ್ತಿ ಹರಿಯುವ ನದಿಯಲ್ಲ. ಗೌರಿಬಿದನೂರಿನ ಮಗ್ಗುಲಲ್ಲಿ ಸಾಗಿ ಹಿಂದೂಪುರದ ಕಡೆಗೆ ಇಳಿಯುವ ಉತ್ತರ ಪಿನಾಕಿನಿ 597 ಕಿಲೋಮೀಟರ್ ಪಯಣಿಸಿ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆಂಬುದು ಭೂಪಟದ ಮಾತು; ಇಲ್ಲಿಯವರ ಪಾಲಿಗೆ ಅದು ವರ್ಷದ ಬಹುಭಾಗ ಮರಳಿನ ಪಾತ್ರ. ಇಲ್ಲಿಯ ವಾರ್ಷಿಕ ಮಳೆ ಸುಮಾರು 700 ಮಿಲಿಮೀಟರ್. ಅದರ ದೊಡ್ಡ ಪಾಲು ಆಗಸ್ಟಿನಿಂದ ಅಕ್ಟೋಬರಿನವರೆಗಿನ ಕೆಲವೇ ರಭಸದ ಮಳೆಗಳಲ್ಲಿ ಬಂದುಹೋಗುತ್ತದೆ. ಮೇಲೆ ತೆಳುವಾದ ಕೆಂಪು ಮರಳುಮಿಶ್ರಿತ ಮಣ್ಣು, ಅದರಡಿಯಲ್ಲಿ ಗರಸು, ಗರಸಿನಡಿಯಲ್ಲಿ ಗಟ್ಟಿಯಾದ ಕಣಶಿಲೆ. ನೀರು ನಿಲ್ಲತಕ್ಕದ್ದು ಆ ಗರಸಿನಲ್ಲಿಯೂ ಶಿಲೆಯ ಬಿರುಕುಗಳಲ್ಲಿಯೂ ಮಾತ್ರ. ಒಂದು ತಲೆಮಾರಿನ ಹಿಂದೆ ತೆರೆದ ಬಾವಿಗಳಲ್ಲಿ ಕಾಣುತ್ತಿದ್ದ ನೀರಿಗಾಗಿ ಇಂದು ಸಾವಿರ ಅಡಿಗೂ ಮಿಕ್ಕಿ ಕೊಳವೆಬಾವಿ ಕೊರೆಯಬೇಕಾಗಿದೆ. ಕೊರೆದು ತೆಗೆದ ನೀರಿನಲ್ಲಿಯೂ ಅನೇಕ ಕಡೆ ಫ್ಲೋರೈಡಿನ ದೋಷ. ಅಂತರ್ಜಲದ ಅತಿಬಳಕೆಯಾದ ಪ್ರದೇಶಗಳ ಸರಕಾರಿ ಪಟ್ಟಿಯಲ್ಲಿ ಈ ಜಿಲ್ಲೆಯ ಹೆಸರು ಬಹುಕಾಲದಿಂದ ಉಂಟು.

ಇಂಥ ಸೀಮೆಯಲ್ಲಿ ಹಿರಿಯರು ಬಾಳಿದ್ದು ಹೇಗೆಂದರೆ, ಕೆರೆ ಕುಂಟೆಗಳಿಂದ. ಈ ಸೀಮೆಯೂ ಸೇರಿದ್ದ ಅವಿಭಜಿತ ಕೋಲಾರ ಜಿಲ್ಲೆಯ ಸಾವಿರಾರು ಕೆರೆಗಳು ಬಿಡಿಬಿಡಿಯಾದ ನೀರಿನ ಗುಂಡಿಗಳಾಗಿರಲಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಏರಿ ನೀರನ್ನು ತಡೆಯುತ್ತಿತ್ತು, ತೂಬು ಅದನ್ನು ಅಳೆದು ಬಿಡುತ್ತಿತ್ತು, ನೀರುಗಂಟಿ ಯಾರ ಗದ್ದೆಗೆ ಯಾವಾಗ ಎಷ್ಟು ಎಂಬುದನ್ನು ನೋಡಿಕೊಳ್ಳುತ್ತಿದ್ದ. ಬೇಸಗೆಯಲ್ಲಿ ಕೆರೆಯಂಗಳದ ಗೋಡನ್ನು ರೈತರು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದುದರಿಂದ ಕೆರೆಗೆ ಆಳವೂ ಹೊಲಕ್ಕೆ ಸಾರವೂ ಒಟ್ಟಿಗೆ ಲಭಿಸುತ್ತಿದ್ದವು. ಚೀನಾ ದೇಶದ ಭೂದೃಶ್ಯ ವಿನ್ಯಾಸಕಾರ ಯು ಕಾಂಗ್ಜಿಯಾನ್ ಮೊದಲಾದವರು ಪ್ರತಿಪಾದಿಸಿ, ಆ ದೇಶದ ಸರಕಾರ ಕಳೆದ ದಶಕದಲ್ಲಿ ಅಂಗೀಕರಿಸಿದ ‘ಸ್ಪಂಜಿನ ನಗರ’ ಎಂಬ ನೀತಿಯ ತಿರುಳು, ಬಿದ್ದ ಮಳೆಯನ್ನು ಚರಂಡಿಗೆ ದೂಡದೆ ಬಿದ್ದಲ್ಲಿಯೇ ತಡೆದು, ಇಂಗಿಸಿ, ಮಿಕ್ಕುದನ್ನು ನಿಧಾನವಾಗಿ ಮುಂದಕ್ಕೆ ಬಿಡಬೇಕೆಂಬುದು. ನಮ್ಮ ಕೆರೆಗಳ ಸರಪಳಿ ಇದನ್ನೇ ಶತಮಾನಗಳ ಕಾಲ ಮಾಡುತ್ತಿತ್ತು. ಹಾಗಿರುವಾಗ ಕಚೇರಿಯ ಅಂಗಳವನ್ನು ಒಂದು ಪುಟ್ಟ ಜಲಾನಯನ ಪ್ರದೇಶವೆಂದು ಎಣಿಸುವುದು ನಮಗೆ ಹೊಸ ವಿದ್ಯೆಯಲ್ಲ, ಮರೆತ ವಿದ್ಯೆ.

ಒಂದು ಎಕರೆಯ ಲೆಕ್ಕ

ಮಾತಿಗಿಂತ ಲೆಕ್ಕ ಹೆಚ್ಚು ಮನವರಿಕೆ ಮಾಡಿಕೊಡುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆಯೆಂದರೆ 4,047 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 28 ಲಕ್ಷ ಲೀಟರ್. ಈಗ ಅದೇ ಎಕರೆಗೆ ಹುಲ್ಲುಹಾಸನ್ನು ಹೊದಿಸಿದೆವೆನ್ನೋಣ. ಫೆಬ್ರವರಿಯಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ಆ ಹುಲ್ಲು ಹಸುರಾಗಿ ಉಳಿಯಬೇಕಾದರೆ ಚದರ ಮೀಟರಿಗೆ ದಿನವೊಂದಕ್ಕೆ ಐದು ಲೀಟರಿನಷ್ಟಾದರೂ ನೀರು ಬೇಕು. ಎಂದರೆ ಎಕರೆಗೆ ದಿನಕ್ಕೆ ಸುಮಾರು 20,000 ಲೀಟರ್, ನಾಲ್ಕು ತಿಂಗಳಿಗೆ 24 ಲಕ್ಷ ಲೀಟರ್. ವರ್ಷವೆಲ್ಲ ಆಕಾಶ ಕೊಟ್ಟದ್ದರ ಬಹುಪಾಲನ್ನು ನಾಲ್ಕೇ ತಿಂಗಳಲ್ಲಿ ಕುಡಿದುಬಿಡುವ ಈ ಹುಲ್ಲು, ನೆರಳು ಕೊಡುವುದಿಲ್ಲ, ಹಣ್ಣು ಕೊಡುವುದಿಲ್ಲ, ದನಕ್ಕೂ ಉಪಯೋಗವಿಲ್ಲ. ಬಹಳಷ್ಟು ಕಡೆ ಅದರ ಮೇಲೆ ಕಾಲಿಡಕೂಡದೆಂಬ ಫಲಕವೂ ಇರುತ್ತದೆ.

ಲೆಕ್ಕದ ಇನ್ನೊಂದು ಮುಖವನ್ನೂ ನೋಡತಕ್ಕದ್ದು. ಸೆಪ್ಟೆಂಬರಿನ ಒಂದು ಸಂಜೆ ಗಂಟೆಯೊಳಗೆ 30 ಮಿಲಿಮೀಟರ್ ಮಳೆ ಸುರಿಯುವುದು ಈ ಕಡೆ ಅಪರೂಪವಲ್ಲ. ಕಾಂಕ್ರೀಟು ಹೊದ್ದ ಒಂದು ಎಕರೆಯಿಂದ ಆ ಒಂದು ಗಂಟೆಯಲ್ಲಿ ಹರಿದುಬರುವ ನೀರು 1.2 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರುಗಳಷ್ಟು. ಇಪ್ಪತ್ತು ಟ್ಯಾಂಕರು ನೀರನ್ನು ಒಂದು ಗಂಟೆಯಲ್ಲಿ ಹೊರಗೆ ಚೆಲ್ಲಿ, ಮುಂದಿನ ಮಾರ್ಚಿನಲ್ಲಿ ಅದೇ ಇಪ್ಪತ್ತು ಟ್ಯಾಂಕರುಗಳಿಗೆ ದುಡ್ಡು ತೆರುವ ವ್ಯವಸ್ಥೆಯನ್ನು ಯಾವ ಲೆಕ್ಕಾಧಿಕಾರಿಯೂ ಒಪ್ಪಲಾರ. ಆದರೆ ನೀರಿನ ಈ ಆಯವ್ಯಯ ಬಹಳಷ್ಟು ಸಂಸ್ಥೆಗಳಲ್ಲಿ ಅವನ ಮೇಜಿಗೆ ಬರುವುದೇ ಇಲ್ಲ.

ಬೆಂಗಳೂರು ಈ ಪಾಠವನ್ನು ಕಷ್ಟದಿಂದ ಕಲಿಯಿತು. 2009ರಲ್ಲಿ ಕಾನೂನಿಗೆ ತಿದ್ದುಪಡಿ ಮಾಡಿ, ಅಲ್ಲಿಯ ಜಲಮಂಡಳಿಯ ವ್ಯಾಪ್ತಿಯಲ್ಲಿ 40×60 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ 30×40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. 2024ರ ಮಾರ್ಚಿನಲ್ಲಿ ನೀರಿನ ಅಭಾವ ತೀವ್ರವಾದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಅದೇ ಮಂಡಳಿ ಆಜ್ಞೆ ಹೊರಡಿಸಬೇಕಾಯಿತು. ದಂಡದ ಭಯದಿಂದ ಹುಟ್ಟುವ ಮಿತವ್ಯಯಕ್ಕಿಂತ ವಿನ್ಯಾಸದಿಂದಲೇ ಒದಗುವ ಮಿತವ್ಯಯ ಶಾಶ್ವತವೂ ಸುಲಭವೂ ಆದದ್ದು.

ನೀರಿನ ದಾರಿ

ಆವರಣವನ್ನು ಹೊಸದಾಗಿ ರೂಪಿಸಹೊರಟವರು ಮೊದಲು ಮಾಡಬೇಕಾದ ಕೆಲಸ ಬಹಳ ಸರಳವಾದದ್ದು: ಒಂದು ದೊಡ್ಡ ಮಳೆಯಲ್ಲಿ ಛತ್ರಿ ಹಿಡಿದು ಅಂಗಳದಲ್ಲಿ ನಿಂತು, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಿಂದ ಹೊರಗೆ ಹೋಗುತ್ತದೆ ಎಂಬುದನ್ನು ನಕಾಶೆಯ ಮೇಲೆ ಗುರುತು ಮಾಡಿಕೊಳ್ಳುವುದು. ಆ ಗುರುತುಗಳೇ ಮುಂದಿನ ವಿನ್ಯಾಸದ ಆಧಾರರೇಖೆಗಳು.

ಚಾವಣಿಯ ನೀರು ಎಲ್ಲಕ್ಕಿಂತ ಶುದ್ಧವಾದದ್ದು. ಮೊದಲ ಮಳೆಯ ಧೂಳುನೀರನ್ನು ಬೇರೆಯಾಗಿ ಹೊರಗೆ ಬಿಟ್ಟು, ಉಳಿದುದನ್ನು ಶೋಧಿಸಿ ತೊಟ್ಟಿಗೆ ತುಂಬಿಕೊಂಡರೆ ಅದು ಬಳಕೆಗೆ ಬರುತ್ತದೆ. ಸಾವಿರ ಚದರ ಮೀಟರಿನ ಚಾವಣಿಯೊಂದು ವರ್ಷಕ್ಕೆ ಏಳು ಲಕ್ಷ ಲೀಟರ್ ಮಳೆಯನ್ನು ಪಡೆಯುತ್ತದೆ; ನಷ್ಟವನ್ನು ಕಳೆದರೂ ಐದೂವರೆ ಲಕ್ಷ ಲೀಟರಿಗೆ ಮೋಸವಿಲ್ಲ. ತೊಟ್ಟಿ ತುಂಬಿ ಮಿಕ್ಕ ನೀರು ಇಂಗುಬಾವಿಗೆ ಹೋಗಬೇಕು. ಕಾಲುದಾರಿಯ ಮತ್ತು ರಸ್ತೆಯ ನೀರನ್ನು ಮುಚ್ಚಿದ ಚರಂಡಿಗೆ ಇಳಿಸುವ ಬದಲು, ಅಂಚಿನುದ್ದಕ್ಕೂ ಲಾವಂಚ, ಗರಿಕೆ ಬೆಳೆದ ತಗ್ಗಾದ ಪಾತಿಗಳಲ್ಲಿ ಹರಿಯಗೊಟ್ಟರೆ, ಬೇರುಗಳ ನಡುವೆ ಅದರ ವೇಗ ತಗ್ಗಿ, ಹೊತ್ತು ತಂದ ಮಣ್ಣು ಅಲ್ಲಿಯೇ ಕೂತು, ತಿಳಿಯಾದ ನೀರು ಮುಂದಕ್ಕೆ ಸಾಗುತ್ತದೆ. ಆವರಣದ ಅತ್ಯಂತ ತಗ್ಗಿನ ಮೂಲೆಯಲ್ಲಿ ಒಂದು ಕುಂಟೆ. ಅದಕ್ಕೊಂದು ಏರಿ, ಮಿಕ್ಕ ನೀರು ಹೊರಹೋಗಲು ಕಲ್ಲಿನ ಕೋಡಿ. ಕೋಡಿಯ ನೀರು ಊರಿನ ಕೆರೆಯ ಕಾಲುವೆಯನ್ನು ಸೇರುವಂತಿದ್ದರೆ ಆವರಣ ಪುನಃ ಆ ಹಳೆಯ ಸರಪಳಿಯ ಒಂದು ಕೊಂಡಿಯಾಗುತ್ತದೆ. ಕಾಂಪೌಂಡು ಕಟ್ಟುವಾಗ ಕಾಲುವೆಯನ್ನು ಮುಚ್ಚಿದ ದೋಷಕ್ಕೆ ಇದಕ್ಕಿಂತ ಉಚಿತವಾದ ಪ್ರಾಯಶ್ಚಿತ್ತವಿಲ್ಲ.

ಇಂಗುಬಾವಿಯ ವಿಚಾರವನ್ನು ತುಸು ವಿಸ್ತಾರವಾಗಿ ಹೇಳುವುದು ಯುಕ್ತ. ಬಾವಿ ತೋಡುವುದನ್ನೇ ಕುಲವೃತ್ತಿಯಾಗಿ ಉಳಿಸಿಕೊಂಡು ಬಂದಿರುವ ಮಣ್ಣು ಒಡ್ಡರು, ಯಂತ್ರಗಳ ಹಾವಳಿಯಲ್ಲಿ ಕೆಲಸವಿಲ್ಲದೆ ಹೋಗಿದ್ದವರು, ಬೆಂಗಳೂರಿನಲ್ಲಿ ಬಯೋಮ್ ಸಂಸ್ಥೆಯವರು ಆರಂಭಿಸಿದ ‘ಹತ್ತು ಲಕ್ಷ ಬಾವಿ’ಗಳ ಆಂದೋಲನದಿಂದಾಗಿ ಮರಳಿ ಬೇಡಿಕೆಯನ್ನು ಕಂಡಿದ್ದಾರೆ. ಗೂಟಕ್ಕೆ ಹಗ್ಗ ಕಟ್ಟಿ ನೆಲದ ಮೇಲೆ ವೃತ್ತ ಗೀಚಿ, ಒಬ್ಬ ಹಾರೆ ಗುದ್ದಲಿಗಳೊಂದಿಗೆ ಕೆಳಗಿಳಿದು, ಇನ್ನಿಬ್ಬರು ಮೇಲೆ ನಿಂತು ಬಾಂಡ್ಲಿಗಳಲ್ಲಿ ಮಣ್ಣನ್ನು ಸೇದಿ ತೆಗೆಯುತ್ತಾರೆ. ಅಡಿ ಅಡಿಗೂ ಮಣ್ಣಿನ ಬಣ್ಣವನ್ನೂ ತೇವವನ್ನೂ ಬೆರಳಲ್ಲಿ ಉಜ್ಜಿ ನೋಡಿ, ಜಿಗುಟು ಮಣ್ಣು ಕಳೆದು ನೀರು ಕುಡಿಯುವ ಗರಸು ಬಂದಿತೋ ಇಲ್ಲವೋ ಎಂಬುದನ್ನು ಅವರು ನಿರ್ಣಯಿಸುವ ರೀತಿ ಯಾವ ಪ್ರಯೋಗಶಾಲೆಯ ವರದಿಗೂ ಕಡಮೆಯದಲ್ಲ. ಆ ಬಳಿಕ ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಹೊರಮೈಯ ಸಂದಿಗೆ ಜಲ್ಲಿ ತುಂಬಿ, ತಳವನ್ನು ತೆರೆದೇ ಬಿಡುತ್ತಾರೆ. ಮೂರು ಅಡಿ ಅಗಲ ಇಪ್ಪತ್ತು ಅಡಿ ಆಳದ ಇಂಥ ಬಾವಿ ಒಂದು ಸಲಕ್ಕೆ ಸುಮಾರು ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ. ತಳದ ಗರಸು ಒಳ್ಳೆಯದಾಗಿದ್ದರೆ ಗಂಟೆಗಳಲ್ಲಿ ಬರಿದಾಗಿ ಮುಂದಿನ ಮಳೆಗೆ ಸಿದ್ಧವಾಗುತ್ತದೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಹೂಳು ತುಂಬಿದ್ದ ಹಳೆಯ ಬಾವಿಗಳನ್ನು ಶುದ್ಧಮಾಡಿ, ಹೊಸದಾಗಿ ಹಲವು ಇಂಗುಬಾವಿಗಳನ್ನು ತೋಡಿದ ಮೇಲೆ, ಉದ್ಯಾನದ ಅಗತ್ಯಕ್ಕೆ ಆ ತೆರೆದ ಬಾವಿಗಳ ನೀರು ಮತ್ತೆ ಒದಗಿತು.

ಒಂದು ಎಚ್ಚರಿಕೆಯನ್ನು ಮಾತ್ರ ಖಂಡಿತವಾಗಿ ಹೇಳಬೇಕು. ಕೈಗಾರಿಕೆಯ ಆವರಣದಲ್ಲಿ ಎಣ್ಣೆ, ಬಣ್ಣ, ರಾಸಾಯನಿಕಗಳು ಬೀಳುವ ಅಂಗಳದ ನೀರನ್ನು ಇಂಗುಬಾವಿಗೆ ಬಿಡಲೇಬಾರದು. ನೆಲದ ಮೇಲಿನ ಕೊಳೆಯನ್ನು ತೊಳೆಯಬಹುದು. ಶಿಲೆಯ ಬಿರುಕಿಗೆ ಇಳಿದ ವಿಷವನ್ನು ತೆಗೆಯಲು ಉಪಾಯವಿಲ್ಲ, ಅದರ ಫಲವನ್ನು ಉಣ್ಣುವವರು ಕಾಂಪೌಂಡಿನ ಆಚೆಯ ಹಳ್ಳಿಯವರು. ಆದಕಾರಣ ಚಾವಣಿಯ ನೀರಿಗೂ ಕಾರ್ಖಾನೆಯ ಅಂಗಳದ ನೀರಿಗೂ ಆರಂಭದಿಂದಲೇ ಬೇರೆ ಬೇರೆ ದಾರಿಗಳಿರಬೇಕು.

ಮಣ್ಣು ಮತ್ತು ಕಲ್ಲು

ಕಟ್ಟಡದ ಕೆಲಸ ನಡೆದ ನೆಲ ಲಾರಿಗಳ ಭಾರಕ್ಕೆ ಅಡಕಗೊಂಡು, ಸಿಮೆಂಟಿನ ಪುಡಿ ಬೆರೆತು, ನೀರನ್ನೂ ಬೇರನ್ನೂ ಒಳಗೆ ಬಿಡದ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ಅರ್ಧ ಅಡಿ ಕೆಮ್ಮಣ್ಣು ಹರಡಿದರೆ ಗಿಡ ಬದುಕುವುದು ಆ ಅರ್ಧ ಅಡಿಯಲ್ಲಿ ಮಾತ್ರ. ಬೇರು ಅಡ್ಡಡ್ಡಲಾಗಿ ಹರಡಿ ಮರ ಮೊದಲ ಬಿರುಗಾಳಿಗೆ ಉರುಳುತ್ತದೆ. ನವೀಕರಣದ ಕೆಲಸಕ್ಕೆ ತೊಡಗುವ ಮುನ್ನವೇ ಮೇಲ್ಮಣ್ಣನ್ನು ಕೆರೆದು ಒಂದು ಕಡೆ ರಾಶಿ ಹಾಕಿ ಕಾಯ್ದಿಟ್ಟು, ಕೆಲಸ ಮುಗಿದ ಮೇಲೆ ನೆಲವನ್ನು ಎರಡು ಅಡಿಯವರೆಗೆ ಸಡಿಲಿಸಿ, ಕೊಟ್ಟಿಗೆ ಗೊಬ್ಬರದೊಂದಿಗೆ ಆ ಮಣ್ಣನ್ನು ಮರಳಿ ಸೇರಿಸುವುದು ಸರಿಯಾದ ಕ್ರಮ. ಒಣಗಿ ಉದುರಿದ ಎಲೆಯನ್ನು ಗುಡಿಸಿ ಸುಡುವ ಅಭ್ಯಾಸವನ್ನು ಬಿಟ್ಟು, ಗಿಡದ ಬುಡಕ್ಕೆ ಹೊದಿಕೆಯಾಗಿ ಹಾಕಿದರೆ ತೇವ ಆರುವುದಿಲ್ಲ, ಕಳೆ ಏಳುವುದಿಲ್ಲ, ಎರೆಹುಳು ತಾನಾಗಿ ಬರುತ್ತದೆ.

ಒಡೆದು ತೆಗೆದ ಹಳೆಯ ಕಾಂಕ್ರೀಟನ್ನು ಊರಾಚೆಯ ಕೆರೆಯಂಗಳದಲ್ಲಿ ಸುರಿದು ಬರುವುದು ಇಂದಿನ ದುರಭ್ಯಾಸ. ಅದೇ ತುಂಡುಗಳು ಕಾಲುದಾರಿಯ ತಳಪಾಯಕ್ಕೆ ಉಪಯುಕ್ತ. ವಾಹನ ನಿಲ್ಲುವ ನೆಲಕ್ಕೆ ಅಖಂಡ ಕಾಂಕ್ರೀಟಿನ ಬದಲು ಈ ಜಿಲ್ಲೆಯದೇ ಆದ ಕಲ್ಲು ಚಪ್ಪಡಿಗಳನ್ನು ಎರಡು ಬೆರಳು ಸಂದಿಯಿಟ್ಟು ಹಾಸಿ, ಸಂದಿಗೆ ಮರಳು ತುಂಬಿ ಗರಿಕೆ ಬೆಳೆಯಗೊಟ್ಟರೆ, ಚಕ್ರಕ್ಕೆ ಆಧಾರವೂ ನೀರಿಗೆ ದಾರಿಯೂ ಒಂದರಲ್ಲೇ ಆಗುತ್ತವೆ. ನೆರಳಿಗೆ ತಗಡಿನ ಮಾಡೇ ಆಗಬೇಕೆಂದಿಲ್ಲ. ಕಲ್ಲಿನ ಕಂಬಗಳನ್ನು ನೆಟ್ಟು ಮೇಲೆ ತಂತಿಯ ಜಾಲ ಎಳೆದು ಬಳ್ಳಿ ಹಬ್ಬಿಸುವ ಚಪ್ಪರದ ವಿದ್ಯೆಯನ್ನು ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರಷ್ಟು ಬಲ್ಲವರು ವಿರಳ. ಅದೇ ಚಪ್ಪರವನ್ನು ಕಾರುಗಳ ಮೇಲೆ ಕಟ್ಟಿ, ದ್ರಾಕ್ಷಿಯ ಬದಲು ಮಲ್ಲಿಗೆಯನ್ನೋ ಬೇರೆ ಹೂಬಳ್ಳಿಯನ್ನೋ ಹಬ್ಬಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಯಾವ ಗಿಡ, ಯಾವ ಮರ

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್, ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಸಾಲುಮರಗಳನ್ನು ಯೋಜಿಸಿದನೆಂಬುದು ಪ್ರಸಿದ್ಧ. ಆ ತತ್ತ್ವ ಇಂದಿಗೂ ಅನುಸರಣೀಯ. ಅದಕ್ಕೆ ಪರದೇಶದ ಮರಗಳೇ ಬೇಕೆಂಬ ನಿಯಮವಿಲ್ಲ. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿದ ಕೊಂಬೆಗಳ ತುಂಬ ಕೆಂಡದ ಬಣ್ಣ ತಾಳುವ ಮುತ್ತುಗ, ಯುಗಾದಿಯ ವೇಳೆಗೆ ಎಳೆಹಸುರಿನ ದಟ್ಟ ನೆರಳನ್ನೂ ನಸುನೇರಳೆ ಹೂವನ್ನೂ ಒಟ್ಟಿಗೆ ತರುವ ಹೊಂಗೆ, ಅದರ ಬೆನ್ನಿಗೇ ನವಿರಾದ ಪರಿಮಳದ ಬೇವು, ವೈಶಾಖದ ಉರಿಯಲ್ಲಿ ಹೊನ್ನಿನ ಗೊಂಚಲು ಇಳಿಬಿಡುವ ಕಕ್ಕೆ, ಮಳೆಯ ಬಳಿಕ ಬದುಗಳುದ್ದಕ್ಕೂ ಹಳದಿ ಹರಡುವ ತಂಗಡಿ: ಇವಿಷ್ಟರಿಂದಲೇ ಋತುಚಕ್ರವನ್ನು ಕಚೇರಿಯ ಕಿಟಕಿಯಿಂದ ಓದಿಕೊಳ್ಳಬಹುದು. ಹಿರಿಯ ನೆರಳಿಗೆ ಹುಣಸೆ, ಇಪ್ಪೆ, ಬಾಗೆ, ಬಸರಿ. ಹಕ್ಕಿಗಳಿಗೆ ಅತ್ತಿ, ನೇರಳೆ. ಬೇಲಿಗೆ ಕವಳೆ, ಲಕ್ಕಿ, ಆಡುಸೋಗೆ. ಇವೆಲ್ಲ ಈ ಕೆಂಪುನೆಲದ ಬರವನ್ನು ತಲೆಮಾರುಗಳಿಂದ ಕಂಡು ಸಹಿಸಿದ ಸಸ್ಯಗಳು. ಜೂನ್ ಜುಲೈ ತಿಂಗಳ ಹದಮಳೆಗೆ ನೆಟ್ಟು, ಎರಡು ಬೇಸಗೆಗಳಲ್ಲಿ ಬುಡಕ್ಕೆ ಮಿತವಾಗಿ ನೀರು ಕೊಟ್ಟರೆ ಆಮೇಲೆ ಇವು ಬೇಡುವುದು ಅತ್ಯಲ್ಪ.

ಬೇಗ ಬೆಳೆಯುತ್ತದೆಂಬ ಒಂದೇ ಗುಣಕ್ಕೆ ಮರವನ್ನು ಆರಿಸಿದರೆ ಏನಾಗುತ್ತದೆಂಬುದಕ್ಕೆ ಈ ಜಿಲ್ಲೆಯ ನೀಲಗಿರಿ ತೋಪುಗಳೇ ಸಾಕ್ಷಿ. ಹೊಲಗಳನ್ನೆಲ್ಲ ಆವರಿಸಿದ ಆ ಬೆಳೆಯಿಂದ ಅಂತರ್ಜಲಕ್ಕೆ ಆದ ಹಾನಿಯನ್ನು ಕಂಡು, 2017ರಲ್ಲಿ ಕರ್ನಾಟಕ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಇತ್ತೀಚೆಗೆ ಕಚೇರಿಗಳ ಕಾಂಪೌಂಡಿನ ಗುಂಟ ಹಸುರು ಗೋಡೆಯಂತೆ ಬೆಳೆಸುವ ಕೊನೊಕಾರ್ಪಸ್ ಗಿಡವನ್ನು ಗುಜರಾತ್ ಸರಕಾರ 2023ರಲ್ಲಿ ನಿಷೇಧಿಸಿದೆ. ಆತುರದ ಹಸುರಿಗೆ ತೆರಬೇಕಾದ ಬೆಲೆ ಕಾಲಾಂತರದಲ್ಲಿ ಹೊರಬೀಳುತ್ತದೆ.

ಮರಗಳ ಸಮೂಹ ಒಂದು ಆವರಣವನ್ನು ಎಷ್ಟರಮಟ್ಟಿಗೆ ಮಾರ್ಪಡಿಸಬಲ್ಲದೆಂಬುದನ್ನು ಕಾಣಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಬೇಕು. 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲ ಆಗ ಕುರುಚಲು ಬಯಲು. 1980ರ ದಶಕದಲ್ಲಿ ಅಲ್ಲಿಯ ಪರಿಸರ ವಿಜ್ಞಾನ ಕೇಂದ್ರದವರು ಸುಮಾರು ಒಂದೂವರೆ ಹೆಕ್ಟೇರ್ ಜಾಗದಲ್ಲಿ ಪಶ್ಚಿಮಘಟ್ಟದ ಹತ್ತಾರು ಜಾತಿಯ ಸಸಿಗಳನ್ನು ನೆಟ್ಟು ಪೋಷಿಸಿದರು. ಈಗ ಅದೊಂದು ಕಿರುಕಾಡು. ಅದರ ಒಳಗಿನ ತಾಪಮಾನ ಹೊರಗಿನದಕ್ಕಿಂತ ಸುಮಾರು ಎರಡು ಡಿಗ್ರಿ ಕಡಮೆಯೆಂದೂ ಅಂತರ್ಜಲದ ಮಟ್ಟ ಗಮನಾರ್ಹವಾಗಿ ಮೇಲೆ ಬಂದಿತೆಂದೂ ಅಲ್ಲಿಯ ವಿಜ್ಞಾನಿಗಳು ದಾಖಲಿಸಿದ್ದಾರೆ. ನಗರದ ನಡುವಣ ಆ ಆವರಣದಲ್ಲಿ ಕಾಡುಪಾಪವೂ ಕಾಣಸಿಕ್ಕಿದೆ. ಗೌರಿಬಿದನೂರಿನವರು ಇದರಿಂದ ಕಲಿಯಬೇಕಾದದ್ದು ಪಶ್ಚಿಮಘಟ್ಟದ ಸಸಿಗಳನ್ನು ಇಲ್ಲಿಗೆ ತರಬೇಕೆಂಬುದನ್ನಲ್ಲ. ಅಂಗಳದ ಒಂದು ಭಾಗವನ್ನಾದರೂ ಕತ್ತರಿ ಪೊರಕೆಗಳ ಕಾಟವಿಲ್ಲದೆ, ಹಲವು ಎತ್ತರಗಳ ಹಲವು ಜಾತಿಗಳ ನೆಡುತೋಪಾಗಿ, ನಾಲ್ಕು ದಶಕಗಳ ತಾಳ್ಮೆಯಿಂದ ಬೆಳೆಯಗೊಡಬೇಕೆಂಬುದನ್ನು. ಕೈಗಾರಿಕೆಗಳಿಗೆ ಪರಿಸರ ಅನುಮತಿ ಕೊಡುವಾಗ ನೆಲದ ಒಂದು ಪಾಲು ಹಸುರು ವಲಯವಾಗಿರಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆ ಪಾಲು ಬರಿಯ ಹುಲ್ಲುಹಾಸಾಗದೆ ತೋಪಾಗುವಂತೆ ನೋಡಿಕೊಳ್ಳುವುದು ಆಡಳಿತದವರ ವಿವೇಕಕ್ಕೆ ಬಿಟ್ಟದ್ದು.

ಬಳಸಿದ ನೀರಿನ ಮರುಬಳಕೆ

ಬೇಸಗೆಯಲ್ಲಿ ಸಸಿಗಳಿಗೆ ಬೇಕಾದ ನೀರು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಕಚೇರಿಯ ಒಳಗೇ ಇದೆ. ಕಚೇರಿಯಲ್ಲಿ ತಲೆಯೊಂದಕ್ಕೆ ದಿನಕ್ಕೆ 45 ಲೀಟರ್ ನೀರು ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಣಿಕೆ. ಸಾವಿರ ಜನ ದುಡಿಯುವಲ್ಲಿ ದಿನಕ್ಕೆ 45,000 ಲೀಟರ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು, ಎಂದರೆ 36,000 ಲೀಟರ್, ಬಳಸಿದ ನೀರಾಗಿ ಹೊರಬರುತ್ತದೆ. ಇದನ್ನು ಶುದ್ಧೀಕರಣ ಘಟಕದಲ್ಲಿ ಸಂಸ್ಕರಿಸಿ, ಜೊಂಡು, ಬಾಳೆ, ಕೆಸುವಿನಂಥ ನೀರು ಬಯಸುವ ಗಿಡಗಳ ಪಾತಿಗಳಲ್ಲಿ ಹಾಯಿಸಿ, ಹನಿ ನೀರಾವರಿಯ ನಳಿಗೆಗಳಿಂದ ಬುಡಬುಡಕ್ಕೆ ಕೊಟ್ಟರೆ, ಕೊಳವೆಬಾವಿಯ ಒಂದು ಬಿಂದುವೂ ಇಲ್ಲದೆ ದೊಡ್ಡ ತೋಪೊಂದು ಬೇಸಗೆಯನ್ನು ದಾಟುತ್ತದೆ.

ಇದೇ ತತ್ತ್ವ ಜಿಲ್ಲೆಯ ಪ್ರಮಾಣದಲ್ಲಿ ಈಗಾಗಲೇ ನಡೆಯುತ್ತಿದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರನ್ನು ದಿನಕ್ಕೆ 21 ಕೋಟಿ ಲೀಟರಿನಂತೆ 65 ಕೆರೆಗಳಿಗೆ ತುಂಬಿಸುವ ಯೋಜನೆಯಿಂದ ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ಸೇರಿದಂತೆ ಅನೇಕ ಕೆರೆಗಳು ನೀರು ಕಂಡಿವೆ. ಆ ನೀರನ್ನು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಲಾಗುತ್ತಿದೆ, ಮೂರನೆಯ ಹಂತವೂ ಆಗಬೇಕು ಎಂದು ಇಲ್ಲಿಯ ರೈತರೂ ನೀರಾವರಿ ಹೋರಾಟಗಾರರೂ ಬಹುಕಾಲದಿಂದ ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. ಮಹಾನಗರ ಬಳಸಿ ಬಿಟ್ಟ ನೀರಿಗೆ ಕಾದು ಕುಳಿತಿರುವ ಜಿಲ್ಲೆಯಲ್ಲಿ, ಕಚೇರಿಯೊಂದು ನೆಲದಾಳದ ಸಿಹಿನೀರನ್ನು ಎತ್ತಿ ಹುಲ್ಲಿಗೆ ಸಿಂಪಡಿಸುವುದು ಧರ್ಮಸಮ್ಮತವಾದ ನಡತೆಯೆನಿಸದು.

ಕಟ್ಟೆಯೂ ಮಾಲಿಯೂ

ಉದ್ಯಾನವಿರುವುದು ಮನುಷ್ಯರಿಗಾಗಿಯೂ ಹೌದು. ನಮ್ಮ ಹಳ್ಳಿಗಳಲ್ಲಿ ಅರಳಿಯನ್ನೂ ಬೇವನ್ನೂ ಜೊತೆಯಾಗಿ ನೆಟ್ಟು, ಸುತ್ತ ಕಲ್ಲಿನ ಕಟ್ಟೆ ಕಟ್ಟಿ, ಪೂಜೆಗೂ ಪಂಚಾಯಿತಿಗೂ ವಿಶ್ರಾಂತಿಗೂ ಅದನ್ನೇ ಸ್ಥಾನವಾಗಿ ಮಾಡಿಕೊಂಡಿದ್ದರು. ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ, ವಿದುರನು ನೆಟ್ಟನೆಂಬ ಐತಿಹ್ಯವಿದ್ದ ಅಶ್ವತ್ಥವೃಕ್ಷದ ಸನ್ನಿಧಿಯಲ್ಲಿಯೇ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಜನ ನೆರೆದದ್ದು, ಗುಂಡಿಗೆ ಎದೆಯೊಡ್ಡಿದ್ದು. ಆ ಪುರಾತನ ವೃಕ್ಷ 2001ರಲ್ಲಿ ಧರೆಗುರುಳಿತಾದರೂ ಊರಿನ ನೆನಪಿನಿಂದ ಅಳಿದಿಲ್ಲ. ಜನ ಕೂಡುವುದಕ್ಕೆ ಮರದ ನೆರಳಿಗಿಂತ ಸಹಜವಾದ ಸಭಾಂಗಣ ಈ ಸೀಮೆಯಲ್ಲಿ ಹಿಂದೆಯೂ ಇರಲಿಲ್ಲ. ಆದುದರಿಂದ ನವೀಕೃತ ಆವರಣದಲ್ಲಿ ನಾಲ್ಕಾರು ಕಟ್ಟೆಗಳಿರಲಿ. ಅವುಗಳಲ್ಲಿ ಒಂದು ಗೇಟಿನ ಬಳಿಯೇ ಇದ್ದು, ಕಾವಲುಗಾರನಿಗೂ ಸರಕು ತಂದ ಲಾರಿಯ ಚಾಲಕನಿಗೂ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳಿಗೂ ಕುಳಿತುಕೊಳ್ಳಲು ನೆರಳೂ ಕುಡಿಯಲು ನೀರೂ ದೊರೆಯುವಂತಿರಲಿ.

ಮಾಲಿಯ ವಿಚಾರವನ್ನು ಹೇಳದೆ ಈ ಪ್ರಕರಣ ಪೂರ್ಣವಾಗದು. ಗುತ್ತಿಗೆಯ ಮೇಲೆ ತಿಂಗಳಿಗೊಬ್ಬರಂತೆ ಬದಲಾಗುವ ಕೈಗಳಲ್ಲಿ ಯಾವ ತೋಪೂ ಬೆಳೆಯುವುದಿಲ್ಲ. ಯಾವ ಪಾತಿಯಲ್ಲಿ ನೀರು ನಿಲ್ಲುತ್ತದೆ, ಯಾವ ಇಂಗುಬಾವಿಯ ಬಾಯಲ್ಲಿ ಹೂಳು ಕಟ್ಟಿದೆ, ಯಾವ ಮರಕ್ಕೆ ಗೆದ್ದಲು ಹಿಡಿದಿದೆ ಎಂಬುದು ವರ್ಷಗಳ ಕಾಲ ಅದೇ ನೆಲದಲ್ಲಿ ನಡೆದಾಡಿದವನಿಗೆ ಮಾತ್ರ ತಿಳಿಯುವ ವಿದ್ಯೆ. ಹಿಂದಿನ ನೀರುಗಂಟಿಗೆ ಊರು ಧಾನ್ಯದ ಪಾಲನ್ನೂ ಗೌರವವನ್ನೂ ಕೊಟ್ಟು ಇರಿಸಿಕೊಂಡಿತ್ತು. ಇಂದಿನ ಮಾಲಿಯೂ ಆ ಪದವಿಗೆ ಯೋಗ್ಯನೇ. ಖಾಯಂ ಕೆಲಸ, ನ್ಯಾಯವಾದ ವೇತನ, ವಿನ್ಯಾಸದ ಸಭೆಯಲ್ಲಿ ಒಂದು ಕುರ್ಚಿ ಇವು ಅವನಿಗೆ ಸಲ್ಲತಕ್ಕವು.

ಕುಡುಮಲಕುಂಟೆಯಲ್ಲಿಯೋ ಚಿಂತಾಮಣಿಯಲ್ಲಿಯೋ ಶಿಡ್ಲಘಟ್ಟದಲ್ಲಿಯೋ ಬೆಂಗಳೂರಿನ ನಡುವೆಯೋ ತಮ್ಮ ಸಂಸ್ಥೆಯ ಆವರಣವನ್ನು ನವೀಕರಿಸಹೊರಟಿರುವ ಹಿರಿಯರಲ್ಲಿ ಈ ಲೇಖಕನ ಬಿನ್ನಹವಿಷ್ಟೇ: ಗುತ್ತಿಗೆಯ ಕರಾರಿಗೆ ರುಜು ಹಾಕುವ ಮೊದಲು, ನಮ್ಮ ನೆಲದ ಮೇಲೆ ವರ್ಷಕ್ಕೆ ಎಷ್ಟು ಮಳೆ ಬೀಳುತ್ತದೆ, ಅದರಲ್ಲಿ ಎಷ್ಟನ್ನು ನೆಲಕ್ಕೆ ಹಿಂದಿರುಗಿಸುತ್ತೇವೆ, ಉದ್ಯಾನಕ್ಕೆಂದು ಎಷ್ಟನ್ನು ಭೂಮಿಯಿಂದ ಎತ್ತುತ್ತೇವೆ ಎಂಬ ಲೆಕ್ಕವನ್ನು ಬರೆಸಿ ಓದಿಕೊಳ್ಳಿ. ಹಿಂದಿರುಗಿಸಿದ್ದಕ್ಕಿಂತ ಎತ್ತಿದ್ದು ಹೆಚ್ಚಾಗಿದ್ದರೆ, ಆ ಉದ್ಯಾನ ಎಷ್ಟೇ ಹಸುರಾಗಿದ್ದರೂ ಅದು ಪಕ್ಕದ ಹಳ್ಳಿಯ ಬಾವಿಯಿಂದ ಪಡೆದ ಸಾಲ. ಅಂಥ ವಿನ್ಯಾಸವನ್ನು ಒಪ್ಪದೆ ಮತ್ತೆ ಬರೆಸುವುದು ನಿಮ್ಮ ಕರ್ತವ್ಯ.